ಗಾದಿಯ ಮೇಲಿಂದ: ಲಂಡನ್ನಿನ ಹಗಲು, ನಮ್ಮ ಗೆರೆ



ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ನಾವು ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಕಲಿತು, ಮ್ಯಾಟ್ರಿಕ್ ಮುಗಿಸಿ, ಸೊಲ್ಲಾಪುರದ ಪೇಠೆಯಲ್ಲಿ ಗಾದಿಯ ಮೇಲೆ ಕುಳಿತವರು. ಕೋಶ ಓದಿದ್ದು ಅಷ್ಟಕ್ಕಷ್ಟೇ. ದೇಶ ಸುತ್ತಿದ್ದೆಂದರೆ ಯಾತ್ರೆಗೆ ಶಿಖರಜಿ, ಗಿರನಾರ, ಶ್ರವಣಬೆಳಗೊಳ. ಮಾಲು ಖರೀದಿಗೆ ಸೂರತ್, ಅಹಮದಾಬಾದ್, ಇಚಲಕರಂಜಿ. ಅಂಥ ನಾವು 2024ರ ಜೂನ್ ತಿಂಗಳಿನಲ್ಲಿ ಲಂಡನ್ ಪಟ್ಟಣ ನೋಡಿ ಬಂದೆವು. ಬಂದ ಕೂಡಲೇ ಈ ಅಂಕಣದಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ. ಆ ಪ್ರವಾಸದ ಒಂದು ಲೆಕ್ಕ ಚುಕ್ತಾ ಆಗುವುದು ಬಾಕಿ ಇತ್ತು. ಅದು ಕಳೆದ ದಶಲಕ್ಷಣ ಪರ್ವದಲ್ಲಿ ಆಯಿತು. ಆದ್ದರಿಂದ ಈಗ ಬರೆಯುತ್ತಿದ್ದೇವೆ.

ಮೊದಲು ಆ ಲೆಕ್ಕ ಯಾವುದೆಂದು ಹೇಳಬೇಕು. ಶ್ರಾವಕರಿಗೆ ಹೇಳಿದ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಪೂರ್ವಕ್ಕೆ ಇಷ್ಟು, ಪಶ್ಚಿಮಕ್ಕೆ ಇಷ್ಟು ಎಂದು ದಶದಿಕ್ಕುಗಳಿಗೆ ಗೆರೆ ಹಾಕಿಕೊಂಡು, ಬದುಕಿರುವ ತನಕ ಆ ಗೆರೆ ದಾಟಿ ಹೋಗುವುದಿಲ್ಲ ಎಂದು ನಿಯಮ ಹಿಡಿಯುವುದು. ಆಸೆಗೆ ಕಾಲು ಬಂದರೆ ಅದು ಎಲ್ಲಿಯ ತನಕವಾದರೂ ನಡೆಯುತ್ತದೆ, ಅದಕ್ಕೇ ಈ ಬೇಲಿ. ನಮ್ಮ ತಂದೆಯವರು 1955ರಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರ ಸಲ್ಲೇಖನದ ಕಾಲಕ್ಕೆ ಕುಂಥಲಗಿರಿಗೆ ಹೋಗಿದ್ದಾಗ ಅಲ್ಲಿದ್ದ ತ್ಯಾಗಿಗಳ ಎದುರು ಈ ವ್ರತ ಹಿಡಿದರು. ಪೂರ್ವಕ್ಕೆ ಶಿಖರಜಿ, ಪಶ್ಚಿಮಕ್ಕೆ ಗಿರನಾರ, ದಕ್ಷಿಣಕ್ಕೆ ಶ್ರವಣಬೆಳಗೊಳ, ಉತ್ತರಕ್ಕೆ ಹಸ್ತಿನಾಪುರ. ಕೊನೆಯ ತನಕ ಪಾಲಿಸಿದರು. ಅರವತ್ತು ತುಂಬಿದ ಮೇಲೆ ನೀನೂ ಹಿಡಿ ಎಂದು ನಮಗೆ ಹೇಳಿ ಹೋದರು.

ನಮಗೆ ಅರವತ್ತು ತುಂಬಿತು, ಅರವತ್ತೈದೂ ದಾಟಿತು. ವ್ರತದ ಮಾತು ಎತ್ತಿದಾಗಲೆಲ್ಲ ನಮ್ಮ ಮನೆಯವರು ತಡೆಯುತ್ತಿದ್ದರು. ಮಗ, ಸೊಸೆ, ಮೊಮ್ಮಗಳು ಲಂಡನ್ನಿನಲ್ಲಿದ್ದಾರೆ. ಮಗನದು ಕಂಪ್ಯೂಟರ್ ಕೆಲಸ.

"ಏನ್ರಿ, ನೀವು ಗೆರಿ ಹಾಕ್ಕೊಂಡು ಕುಂತ್ರ ನಾ ಒಬ್ಬಾಕೀನ ಹ್ಯಾಂಗ ಹೋಗ್ಲಿ? ಮೊದ್ಲ ಲಂಡನ್ ನೋಡ್ಕೊಂಡ್ ಬರೂಣು, ಆಮ್ಯಾಲ ಬೇಕಾದಂಥಾ ವ್ರತಾ ಹಿಡೀರಿ" ಎಂಬುದು ಅವರ ವಾದ. ನಲವತ್ತು ವರ್ಷ ಸಂಸಾರದಲ್ಲಿ ಅವರು ತಮಗಾಗಿ ಕೇಳಿದ್ದು ಕಡಿಮೆ. ಹೂಂ ಅಂದೆವು.

ಪುಣೆಗೆ ಹೋಗಿ ಬೆರಳಚ್ಚು, ಭಾವಚಿತ್ರ ಕೊಟ್ಟು ವೀಸಾ ಮಾಡಿಸಿದೆವು. ನಾವು ಹೋದಾಗ ಆರು ತಿಂಗಳ ಪ್ರವಾಸಿ ವೀಸಾಕ್ಕೆ ಒಬ್ಬರಿಗೆ 115 ಪೌಂಡ್ ಇತ್ತು. ರೂಪಾಯಿಯಲ್ಲಿ ಹನ್ನೆರಡು ಸಾವಿರ ಎಂದುಕೊಳ್ಳಿ. ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕೂತು ಬೆಳಗಿಗೆ ಮುಂಬಯಿ, ಅಲ್ಲಿಂದ ವಿಮಾನ. ಟಿಕೆಟ್ ತೆಗೆಯುವಾಗಲೇ ಜೈನ ಊಟ ಬೇಕೆಂದು ಹೇಳಿಟ್ಟರೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಇಲ್ಲದ ಊಟ ಕೊಡುತ್ತಾರೆ. ಹೋಗುವವರು ಇದನ್ನು ಮರೆಯಬಾರದು. ಆದರೂ ನಮ್ಮ ಮನೆಯವರು ಖಾಕ್ರಾ, ಶೇಂಗಾ ಚಟ್ನಿ, ಜೋಳದ ಕಟಕ ರೊಟ್ಟಿ ಕಟ್ಟಿಕೊಂಡೇ ಬಂದರು. ಸೊಲ್ಲಾಪುರದ ಶೇಂಗಾ ಚಟ್ನಿ ಇಲ್ಲದೆ ಅವರು ಶಿಖರಜಿಗೂ ಹೋದವರಲ್ಲ.

ನಮ್ಮಲ್ಲಿ ಆ ವರ್ಷ ಮೇ 7ಕ್ಕೆ ಲೋಕಸಭೆಯ ಮತದಾನ ಮುಗಿದಿತ್ತು. ಒಂದು ತಿಂಗಳು ಭೋಂಗಾ ಕೇಳಿ ಕೇಳಿ ಕಿವಿ ಕಿವುಡಾಗಿದ್ದವು. ಲಂಡನ್ನಿಗೆ ಹೋದರೆ ಅಲ್ಲಿಯೂ ಚುನಾವಣೆ. ಜುಲೈ 4ಕ್ಕೆ ಮತದಾನ. ಆದರೆ ನಾವು ತಿರುಗಾಡಿದಲ್ಲಿ ಒಂದು ಭೋಂಗಾ ಇಲ್ಲ, ಒಂದು ಮೆರವಣಿಗೆ ಇಲ್ಲ. ಕೆಲವು ಮನೆಗಳ ಮುಂದೆ ಸಣ್ಣದೊಂದು ಹಲಗೆ, ಬಾಗಿಲ ಸಂದಿನಲ್ಲಿ ಒಂದು ಚೀಟಿ, ಅಷ್ಟೇ. "ಇಲ್ಲಿ ಎಲೆಕ್ಷನ್ ಅಂದ್ರ ಯಾರೂ ಊಟಾ ಹಾಕಂಗಿಲ್ಲೇನು?" ಎಂದು ನಮ್ಮ ಮನೆಯವರು ಕೇಳಿದರು. ಮಗ ನಕ್ಕು ಸುಮ್ಮನಾದ.

ಲಂಡನ್ನಿನಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡ ಸೋಜಿಗವೆಂದರೆ ಅಲ್ಲಿಯ ಸೂರ್ಯ. ಜೂನ್ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಏಳು ಗಂಟೆಯ ಸುಮಾರಿಗೆ ಹೊತ್ತು ಮುಳುಗುತ್ತದೆ. ಲಂಡನ್ನಿನಲ್ಲಿ ಜೂನ್ 21ರಂದು ಮುಳುಗುವುದು ರಾತ್ರಿ 9 ಗಂಟೆ 20 ನಿಮಿಷಕ್ಕೆ, ಹುಟ್ಟುವುದು ಐದಕ್ಕೂ ಮೊದಲು. ಹದಿನಾರೂವರೆ ತಾಸಿನ ಹಗಲು! ಆ ಊರು ಭೂಮಿಯ ಉತ್ತರ ತುದಿಯ ಕಡೆಗೆ ನಮಗಿಂತ ಬಹಳ ಮೇಲೆ ಇರುವುದರಿಂದ ಹೀಗಾಗುತ್ತದೆ.

ರಾತ್ರಿ ಭೋಜನ ತ್ಯಾಗ ಮಾಡಿದವರಿಗೆ ಇದರ ಅರ್ಥ ಬೇರೆ. ನಾವು ನಲವತ್ತು ವರ್ಷದಿಂದ ಸಂಜೆಯ ಊಟವನ್ನು ಅಂಗಡಿಯಲ್ಲೇ ಮಾಡಿದವರು. ಅಂಗಡಿ ಮುಚ್ಚುವುದು ಒಂಬತ್ತಕ್ಕೆ. ಹೊತ್ತು ಮುಳುಗುವುದು ಅದಕ್ಕೂ ಮೊದಲು. ಆದ್ದರಿಂದ ಆರು ಗಂಟೆಗೆ ಮನೆಯಿಂದ ಡಬ್ಬಿ ಬರುತ್ತಿತ್ತು. ಗಾದಿಯ ಹಿಂದೆ ಥಾನುಗಳ ಮಗ್ಗುಲಿಗೆ ಕೂತು, ಗಿರಾಕಿ ಬಂದರೆ ಎದ್ದು, ಒಬ್ಬರೇ ಉಂಡು ಕೈ ತೊಳೆದದ್ದೇ ಆಯಿತು. ಮಗ ಸಣ್ಣವನಿದ್ದಾಗ ನಮ್ಮ ಸಂಗಡ ಕೂತು ಸಂಜೆ ಉಂಡದ್ದು ಹಬ್ಬ, ರಜೆಯ ದಿನ ಬಿಟ್ಟರೆ ನಮಗೆ ನೆನಪಿಲ್ಲ.

ಲಂಡನ್ನಿನಲ್ಲಿ ಮಗ ಏಳಕ್ಕೆ, ಸೊಸೆ ಏಳೂವರೆಗೆ ಕೆಲಸದಿಂದ ಬರುತ್ತಿದ್ದರು. ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂಡುತ್ತಿದ್ದೆವು. ಕಿಟಕಿಯಲ್ಲಿ ಬಿಸಿಲು ಇರುತ್ತಿತ್ತು. ವ್ರತಕ್ಕೂ ಭಂಗವಿಲ್ಲ, ಊಟಕ್ಕೂ ಅವಸರವಿಲ್ಲ. ಮೊಮ್ಮಗಳು ನಮ್ಮ ತಟ್ಟೆಯಿಂದ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದಳು. ಇಪ್ಪತ್ತು ದಿನ ಹೀಗೆ ಉಂಡೆವು. ಅರಮನೆ, ಗೋಪುರ, ಸೇತುವೆ ಎಲ್ಲವನ್ನೂ ನೋಡಿದೆವು. ಆದರೆ ಲಂಡನ್ನಿನಲ್ಲಿ ಏನು ಸಿಕ್ಕಿತೆಂದು ಯಾರಾದರೂ ಕೇಳಿದರೆ ನಾವು ಮೊದಲು ಹೇಳುವುದು ಈ ಊಟದ ಮಾತನ್ನೇ.

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನೂ ಮಾಡಬೇಕು. ಹಿಂದೆ ಚಳಿಗಾಲದಲ್ಲಿ ಫೋನ್ ಮಾಡಿದಾಗ ಮಕ್ಕಳು ರಾತ್ರಿ ಉಣ್ಣುತ್ತಾರೆಂದು ತಿಳಿದು ನಾವು ಸಿಟ್ಟಿನಿಂದ ಮಾತಾಡಿದ್ದೆವು. "ಅಷ್ಟು ದೂರ ಹೋದ ಮೇಲೆ ಧರ್ಮ ಯಾಕೆ ಬೇಕು ನಿಮಗೆ" ಎಂದುಬಿಟ್ಟಿದ್ದೆವು. ಒಂದು ಸಂಜೆ ಊಟವಾದ ಮೇಲೆ ಮಗ ಮೆಲ್ಲಗೆ ಹೇಳಿದ:

"ಅಪ್ಪಾ, ಡಿಸೆಂಬರದಾಗ ಇಲ್ಲಿ ನಾಕಕ್ಕ ಕತ್ತಲಾಗ್ತದ. ನಾವು ಮನೀಗೆ ಬರೋದು ಏಳಕ್ಕ. ಆಫೀಸಿನ್ಯಾಗ ಮೂರೂವರಿಗೆ ಇಕಿ ಡಬ್ಬಿ ಉಂಡು ನೋಡಿದ್ಲು. ಒಂದು ವಾರ ಆತು, ಆಮ್ಯಾಲ ಸಾಧ್ಯ ಆಗ್ಲಿಲ್ಲ."

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮೂರೂವರೆಗೆ ಡಬ್ಬಿ ಬಿಚ್ಚಿ ಒಬ್ಬಳೇ ಉಂಡವಳು ಆಕೆ. ಹಾಗೆ ಒಬ್ಬರೇ ಉಣ್ಣುವುದು ಏನೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮರುದಿನ ನಾವೇ ಆಕೆಗೆ, "ಅವ್ವಾ, ಆ ದಿನ ಫೋನಿನ್ಯಾಗ ಹಂಗ ಅನಬಾರದಾಗಿತ್ತು" ಎಂದೆವು. "ಇರ್ಲಿ ಬಿಡ್ರಿ ಮಾಮಾ" ಎಂದಳು. ಕ್ಷಮಾವಣಿಯನ್ನು ವರ್ಷಕ್ಕೆ ಒಂದೇ ದಿನ ಮಾಡಬೇಕೆಂದೇನೂ ಇಲ್ಲ.

ಇನ್ನು ಊರಿನ ಮಾತು. ಲಂಡನ್ನಿನಲ್ಲಿ ನೆಲದೊಳಗಿನ ರೈಲು ಮೊದಲು ಓಡಿದ್ದು 1863ರಲ್ಲಿ, ಉಗಿಬಂಡಿಯಿಂದ. ಈಗ ವಿದ್ಯುತ್ತಿನಿಂದ ಓಡುತ್ತದೆ. ಟಿಕೆಟ್ ತೆಗೆಯುವ ಗೊಡವೆ ಇಲ್ಲ. ಬ್ಯಾಂಕಿನ ಕಾರ್ಡನ್ನು ಬಾಗಿಲಿಗೆ ತೋರಿಸಿದರೆ ತೆರೆಯುತ್ತದೆ, ಇಳಿಯುವಲ್ಲಿ ಮತ್ತೊಮ್ಮೆ ತೋರಿಸಬೇಕು. ಬಸ್ಸಿಗೆ ನಾವಿದ್ದಾಗ ಒಂದೂಮುಕ್ಕಾಲು ಪೌಂಡ್. ಒಂದು ತಾಸಿನೊಳಗೆ ಮತ್ತೊಂದು ಬಸ್ಸು ಹತ್ತಿದರೆ ಅದಕ್ಕೆ ದುಡ್ಡಿಲ್ಲ. ವಯಸ್ಸಾದವರಿಗೆ ನಮ್ಮ ಸಲಹೆ ಎಂದರೆ ಬಸ್ಸಿನ ಮಹಡಿಯ ಮೇಲೆ ಮುಂದಿನ ಆಸನ ಹಿಡಿದು ಕೂಡಬೇಕು. ಅರ್ಧ ಲಂಡನ್ ಅಲ್ಲಿಂದಲೇ ಕಾಣುತ್ತದೆ.

ನೆಲದೊಳಗಿನ ರೈಲಿನಲ್ಲಿ ನಮಗೊಂದು ಫಜೀತಿ ಆಯಿತು. ಬೇಕರ್ ಸ್ಟ್ರೀಟ್ ಎಂಬ ನಿಲ್ದಾಣದಲ್ಲಿ ನಮ್ಮ ಮನೆಯವರು ಮುಂದೆ ಹತ್ತಿದರು, ನಾವು ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನ ಆಚೆ ಅವರು, ಈಚೆ ನಾವು. ರೈಲು ಹೊರಟೇ ಹೋಯಿತು. ಅವರಿಗೆ ಇಂಗ್ಲಿಷು ಬಾರದು, ಫೋನು ನಮ್ಮ ಕಿಸೆಯಲ್ಲಿ. ನಮ್ಮ ಎದೆ ಹಾರಿತು. ಮುಂದಿನ ರೈಲು ಎರಡು ನಿಮಿಷಕ್ಕೆ ಬಂದರೂ ಅದು ಎರಡು ತಾಸಿನಂತೆ ಆಯಿತು. ಬಾಂಡ್ ಸ್ಟ್ರೀಟ್‌ನಲ್ಲಿ ಇಳಿದು ನೋಡಿದರೆ ಅವರು ಬಾಕಿನ ಮೇಲೆ ಸ್ವಸ್ಥ ಕೂತು, ಪಕ್ಕದಲ್ಲಿದ್ದ ರೈಲ್ವೆಯ ಒಬ್ಬ ಕಪ್ಪು ಹೆಣ್ಣುಮಗಳ ಸಂಗಡ ಮಾತಾಡುತ್ತಿದ್ದರು. ಅವರು ಕನ್ನಡದಲ್ಲಿ, ಆಕೆ ಇಂಗ್ಲಿಷಿನಲ್ಲಿ. "ಣಮೋಕಾರ ಅನಕೋತ ಮುಂದಿನ ಸ್ಟೇಷನ್ಯಾಗ ಇಳದೆ. ನೀವು ಬಂದ ಬರ್ತೀರಿ ಅಂತ ಗೊತ್ತಿತ್ತು" ಎಂದರು. ನಲವತ್ತು ವರ್ಷ ಪೇಠೆ ನಡೆಸಿದ ನಮಗೆ ಅಷ್ಟು ಧೈರ್ಯ ಇರಲಿಲ್ಲ.

ಲಂಡನ್ನಿನ ದೊಡ್ಡ ವಸ್ತು ಸಂಗ್ರಹಾಲಯಗಳಿಗೆ ಪ್ರವೇಶ ಪುಕ್ಕಟೆ. ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಟಿಪ್ಪು ಸುಲ್ತಾನನ ಮರದ ಹುಲಿ ಇದೆ. ಕೆಳಗೆ ಬಿದ್ದ ಸಿಪಾಯಿಯನ್ನು ಹುಲಿ ಕಚ್ಚುತ್ತಿರುವ ಆಟದ ಯಂತ್ರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಒಯ್ದದ್ದು. ಅದರ ಮುಂದೆ ಗದ್ದಲ ಬಹಳ. ಮಧ್ಯಪ್ರದೇಶದ ಗ್ಯಾರಸಪುರದ ಭಗವಾನ್ ಪಾರ್ಶ್ವನಾಥರ ಮೂರ್ತಿಯ ಮುಂದೆ ಗದ್ದಲವಿರಲಿಲ್ಲ. ಏಳನೆಯ ಶತಮಾನದ ಕಲ್ಲಿನ ಮೂರ್ತಿ. ಉಪಸರ್ಗದ ಬಿರುಗಾಳಿ ಮೇಲೆ ಎರಗಿದೆ, ಧರಣೇಂದ್ರ ಹೆಡೆ ಬಿಚ್ಚಿ ಕಾಯುತ್ತಿದ್ದಾನೆ, ಸ್ವಾಮಿ ಮಾತ್ರ ಅಲುಗಾಡದೆ ಧ್ಯಾನದಲ್ಲಿದ್ದಾರೆ. ನಮ್ಮ ಮನೆಯವರು ರೂಢಿಯಂತೆ ಪರ್ಸಿನಲ್ಲಿ ಅಕ್ಷತೆ ಕಟ್ಟಿ ತಂದಿದ್ದರು. ಮುಷ್ಟಿಯಲ್ಲಿ ಹಿಡಿದು ಕೈ ಮುಂದೆ ಮಾಡಿದವರು, ಸುತ್ತ ನೋಡಿ ಹಾಗೇ ಮುಷ್ಟಿ ಮುಚ್ಚಿದರು. ಅದು ಬಸದಿಯಲ್ಲ, ಸಂಗ್ರಹಾಲಯ. ಅಭಿಷೇಕವಿಲ್ಲ, ಆರತಿಯಿಲ್ಲ, ಬೋರ್ಡಿನ ಮೇಲೆ ಒಂದು ಸಂಖ್ಯೆ. ನಾವು ಇಬ್ಬರೂ ನಿಂತಲ್ಲೇ ಮನಸ್ಸಿನಲ್ಲಿ ಪಂಚ ನಮಸ್ಕಾರ ಹೇಳಿದೆವು. ಆ ಅಕ್ಕಿಯನ್ನು ಅವರು ಚೀಟಿಯಲ್ಲಿ ಮತ್ತೆ ಕಟ್ಟಿಟ್ಟು, ಮರುದಿನ ಹ್ಯಾರೋ ಭಾಗದ ವೀಲ್ಡ್‌ಸ್ಟೋನ್‌ನಲ್ಲಿರುವ ದಿಗಂಬರ ಜಿನಮಂದಿರದಲ್ಲಿ ಅರ್ಪಿಸಿದರು.

ಅಲ್ಲಿಯ ಧರ್ಮಬಾಂಧವರ ಬಗ್ಗೆ ಎರಡು ಮಾತು ಹೇಳಬೇಕು. ಲಂಡನ್ನಿನ ಜೈನರಲ್ಲಿ ಹೆಚ್ಚಿನವರು ಗುಜರಾತಿಗಳು. ಅವರಲ್ಲಿಯೂ ಬಹುಮಂದಿ ಆಫ್ರಿಕಾದ ಕೀನ್ಯಾ, ಯುಗಾಂಡಾ ಕಡೆ ವ್ಯಾಪಾರಕ್ಕೆ ಹೋಗಿ, ಅಲ್ಲಿಂದ ಇಂಗ್ಲೆಂಡಿಗೆ ಬಂದವರು. 1972ರಲ್ಲಿ ಇದಿ ಅಮೀನ ಯುಗಾಂಡಾದಿಂದ ನಮ್ಮವರನ್ನು ಹೊರಹಾಕಿದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಒಂದು ಪೆಟ್ಟಿಗೆ ಹಿಡಿದು ಬಂದವರು ಮತ್ತೆ ಅಂಗಡಿ ಹಾಕಿ, ಮಕ್ಕಳನ್ನು ಓದಿಸಿ, ಮಂದಿರ ಕಟ್ಟಿದರು. ಲೆಸ್ಟರ್ ಪಟ್ಟಣದ ಜೈನ ಕೇಂದ್ರದಲ್ಲಿ 1988ರಲ್ಲಿ ಪ್ರತಿಷ್ಠೆ ಆಯಿತು. ಅಲ್ಲಿ ಶ್ವೇತಾಂಬರ, ದಿಗಂಬರ, ಸ್ಥಾನಕವಾಸಿ ಎಲ್ಲರಿಗೂ ಒಂದೇ ಸೂರು. ಲಂಡನ್ನಿನ ಹೊರಗೆ ಪಾಟರ್ಸ್ ಬಾರ್ ಎಂಬಲ್ಲಿ ಓಸವಾಲ ಸಮಾಜದವರ ಶಿಖರವುಳ್ಳ ಮಂದಿರ 2005ರಲ್ಲಿ ಆಯಿತು. ನಾವು ಅಲ್ಲಿಗೂ ಹೋಗಿ ಕೈಮುಗಿದೆವು. ಪಂಥ ಯಾವುದೆಂದು ಯಾರೂ ಕೇಳಲಿಲ್ಲ, ಊಟವಾಯಿತೇ ಎಂದು ಕೇಳಿದರು.

ಥೇಮ್ಸ್ ನದಿ ಊರ ನಡುವೆ ಹರಿಯುತ್ತದೆ. ಒಂದು ದಂಡೆಯ ಮೇಲೆ ಪಾರ್ಲಿಮೆಂಟು. ಎಲ್ಲರೂ ಅಲ್ಲಿ ಗಡಿಯಾರದ ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆದರೆ ಸೊಲ್ಲಾಪುರದವರಿಗೆ ಅಲ್ಲಿ ಬೇರೊಂದು ನೆನಪು ಬರಬೇಕು. ಮೊದಲನೆಯ ದುಂಡುಮೇಜಿನ ಪರಿಷತ್ತು ಲಂಡನ್ನಿನಲ್ಲಿ 1930ರ ನವೆಂಬರ್ 12ಕ್ಕೆ ಸುರುವಾಗಿ 1931ರ ಜನವರಿ 19ಕ್ಕೆ ಮುಗಿಯಿತು. ಹಿಂದುಸ್ತಾನಕ್ಕೆ ಎಷ್ಟು ಅಧಿಕಾರ ಕೊಡಬೇಕೆಂದು ಇಲ್ಲಿ ಮಾತುಕತೆ ನಡೆದಿರುವಾಗಲೇ, ಜನವರಿ 12ರಂದು ನಮ್ಮ ಸೊಲ್ಲಾಪುರದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ನಾಲ್ವರನ್ನು ಯೆರವಡಾ ಜೇಲಿನಲ್ಲಿ ಗಲ್ಲಿಗೆ ಹಾಕಿದರು. ಆ ನಾಲ್ವರ ಪುತ್ಥಳಿಗಳ ಮುಂದಿನಿಂದ ನಾವು ಎಷ್ಟೋ ಸಲ ಸೈಕಲ್ ಮೇಲೆ ಹೋಗಿದ್ದೇವೆ. ತಾರೀಖು ಕೂಡಿಸಿ ನೋಡಿದ್ದು ಮಾತ್ರ ಆ ದಿನ ಥೇಮ್ಸ್ ದಂಡೆಯ ಮೇಲೆ.

ಆಚೆಯ ದಂಡೆಯಲ್ಲಿ, ಲ್ಯಾಂಬೆತ್ ಭಾಗದಲ್ಲಿ, ಬಸವಣ್ಣನವರ ಪುತ್ಥಳಿ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ಕಲಬುರ್ಗಿಯ ಕಡೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನ ಅದರ ಹಿಂದಿದೆ. ನಮ್ಮ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕಲ್ಯಾಣಕ್ಕೆ ಹೋಗಿ ಬಸವಣ್ಣನವರನ್ನು ಕೂಡಿದವರು. ಸೊಲ್ಲಾಪುರದ ನೀರು ಕುಡಿದವರು, ಯಾವ ಧರ್ಮದವರೇ ಆಗಲಿ, ಅಲ್ಲಿ ಒಂದು ಗಳಿಗೆ ನಿಲ್ಲಬೇಕು. ನಾವು ನಿಂತಾಗ ಬೀದರ್ ಕಡೆಯ ಒಂದು ಕುಟುಂಬವೂ ಬಂದಿತ್ತು. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಎಷ್ಟು ತಂಪು!

ಗೋಪುರ ಕೋಟೆಯಲ್ಲಿ ರಾಜಮನೆತನದ ಕಿರೀಟಗಳಿವೆ. ಟಿಕೆಟ್ ಒಬ್ಬರಿಗೆ ಮೂರು ಸಾವಿರ ರೂಪಾಯಿಗೂ ಮೇಲೆ. 1849ರಲ್ಲಿ ಲಾಹೋರದಿಂದ ಇಂಗ್ಲಿಷರ ಕೈಸೇರಿದ ಕೊಹಿನೂರ್ ಅಲ್ಲಿದೆ. 1852ರಲ್ಲಿ ಅದನ್ನು ಮತ್ತೆ ಸಾಣೆ ಹಿಡಿಸಿದ ಮೇಲೆ ಉಳಿದದ್ದು 105 ಕ್ಯಾರಟ್ ಚಿಲ್ಲರೆ. ಕಿರೀಟಗಳ ಮುಂದೆ ನಿಂತು ನೋಡಲು ಆಗುವುದಿಲ್ಲ. ಕಾಲ ಕೆಳಗಿನ ಪಟ್ಟಿಯೇ ಸರಿಯುತ್ತ ನಮ್ಮನ್ನು ಮುಂದೆ ಒಯ್ಯುತ್ತದೆ. "ಇದ್ದವರ ಮುಂದೂ ನಿಲ್ಲಲಿಲ್ಲ, ನೋಡವರ ಮುಂದೂ ನಿಲ್ಲಂಗಿಲ್ಲ" ಎಂದು ನಮ್ಮ ಮನೆಯವರು ಅಂದರು. ಪರಿಗ್ರಹದ ಬಗ್ಗೆ ಇಷ್ಟು ಚಿಕ್ಕ ಪ್ರವಚನ ನಾವು ಕೇಳಿರಲಿಲ್ಲ.

ಗ್ರೀನಿಚ್ ಎಂಬಲ್ಲಿ ಗುಡ್ಡದ ಮೇಲೆ 1675ರಲ್ಲಿ ಸ್ಥಾಪಿಸಿದ ವೀಕ್ಷಣಾಲಯವಿದೆ. ಅಂಗಳದಲ್ಲಿ ಲೋಹದ ಒಂದು ಗೆರೆ. ಅದರ ಆಚೆ ಪೂರ್ವ ಗೋಲಾರ್ಧ, ಈಚೆ ಪಶ್ಚಿಮ. ಜನ ಸಾಲು ನಿಂತು ಎರಡು ಕಾಲು ಎರಡು ಕಡೆ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. 1884ರಲ್ಲಿ ಹಲವು ದೇಶಗಳವರು ವಾಷಿಂಗ್ಟನ್ನಿನಲ್ಲಿ ಕೂಡಿ, ಇದೇ ಸೊನ್ನೆಯ ಗೆರೆ ಎಂದು ಒಪ್ಪಿದರು. ಸೊಲ್ಲಾಪುರ ಅದರಿಂದ ಪೂರ್ವಕ್ಕೆ ಸುಮಾರು 76 ಡಿಗ್ರಿ. ನಾಲ್ಕು ಜನ ಕೂಡಿ ಒಪ್ಪಿದ ಗೆರೆಯ ಮೇಲೆ ಜಗತ್ತಿನ ಗಡಿಯಾರಗಳೆಲ್ಲ ನಡೆಯುತ್ತವೆ! ನಮಗೆ ತಂದೆಯವರ ಗೆರೆಗಳು ನೆನಪಾದವು.

ಆ ಗುಡ್ಡದಿಂದ ನದಿ ಕಾಣುತ್ತದೆ. ಹಿಂದೆ ಜಗತ್ತಿನ ಹಡಗುಗಳು ಇದೇ ನೀರಿನಲ್ಲಿ ಲಂಡನ್ನಿಗೆ ಬರುತ್ತಿದ್ದವು. ಸೊಲ್ಲಾಪುರದಲ್ಲಿ 1882ರಲ್ಲಿ ದಿಗಂಬರ ಜೈನ ಮನೆತನದಲ್ಲಿ ಹುಟ್ಟಿದ ಶೇಠ್ ವಾಲಚಂದ ಹೀರಾಚಂದರು ನಮಗೆಲ್ಲ ಗೊತ್ತು. ಅವರು ನರೋತ್ತಮ ಮೊರಾರ್ಜಿ ಮೊದಲಾದವರ ಕೂಡ ಸಿಂಧಿಯಾ ಹಡಗು ಕಂಪನಿ ಕಟ್ಟಿದರು. ಗ್ವಾಲಿಯರ್ ಮಹಾರಾಜರಲ್ಲಿದ್ದ 'ಲಾಯಲ್ಟಿ' ಎಂಬ ಹಡಗು ಕೊಂಡು, 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಡಿಸಿದರು. ಆ ದಿನವನ್ನೇ ಭಾರತದಲ್ಲಿ 1964ರಿಂದ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಇಂಗ್ಲಿಷ್ ಕಂಪನಿಗಳ ಪೈಪೋಟಿ ದೊಡ್ಡದು. ಆ ಹಡಗು ನಾಲ್ಕೇ ವರ್ಷಕ್ಕೆ ಗುಜರಿಗೆ ಹೋಯಿತು. ಶೇಠಜಿ ಎದೆಗುಂದಲಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರಕಾರದ ಸಹಾಯದಿಂದ ವಿಮಾನ ಕಾರಖಾನೆ, 1941ರಲ್ಲಿ ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಕಾರಖಾನೆ ಎಬ್ಬಿಸಿದರು. ನಮ್ಮ ತಂದೆಯವರ ಗೆರೆ ಗಿರನಾರಕ್ಕೆ ನಿಂತಿತು. ಅದೇ ಪೇಠೆಯ, ಅದೇ ಧರ್ಮದ ಇನ್ನೊಬ್ಬರು ಲಂಡನ್ನಿನ ತನಕ ಹಡಗು ಓಡಿಸಿದರು. ಯಾರು ದೊಡ್ಡವರು ಎಂದು ತೂಗುವ ತಕ್ಕಡಿ ನಮ್ಮ ಹತ್ತಿರ ಇಲ್ಲ.

ಈ ವಿಚಾರ ತಲೆಯಲ್ಲಿರುವಾಗಲೇ ನಮಗೆ ಪರೀಕ್ಷೆ ಬಂದಿತು. ವೆಂಬ್ಲಿ ಭಾಗದ ಒಂದು ಬಟ್ಟೆ ಅಂಗಡಿಗೆ ಸುಮ್ಮನೆ ಹೊಕ್ಕೆವು. ವ್ಯಾಪಾರಿಗೆ ಎಲ್ಲಿ ಹೋದರೂ ಅಂಗಡಿಯೇ ದೇವಾಲಯ. ಟೆರಿ ಟವೆಲ್ ಮುಟ್ಟಿ ನೋಡಿ ನೂಲಿನ ನಂಬರು, ತೂಕ ಹೇಳಿದೆವು. ಮಾಲೀಕರು ನೈರೋಬಿಯಲ್ಲಿ ಹುಟ್ಟಿದ ಗುಜರಾತಿ ಜೈನರು. ಕೂಡಿಸಿ ಚಹಾ ಕೊಟ್ಟರು. ಸೊಲ್ಲಾಪುರ ಎಂದ ಕೂಡಲೇ ಅವರ ಕಣ್ಣು ಅರಳಿತು. "ಕಾಕಾ, ದಲಾಲರ ಮೂಲಕ ಬರುವ ಮಾಲು ನಮಗೆ ತುಟ್ಟಿ ಬೀಳುತ್ತದೆ. ನೀವೇ ನೇರವಾಗಿ ಕಳಿಸಿ. ಮೊದಲು 500 ಡಜನ್" ಎಂದರು. ಹಿಂದಿಯಲ್ಲಿ ಮಾತಾಯಿತು, ಚೀಟಿಯ ಮೇಲೆ ಲೆಕ್ಕವೂ ಆಯಿತು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಲೆಕ್ಕ ಚೊಕ್ಕ ಇತ್ತು. ನಲವತ್ತು ವರ್ಷ ಮಗ್ಗದವರ ಮಾಲು ಹಿಡಿದು ಹಳ್ಳಿಯ ಗಿರಾಕಿಗೆ ಉದ್ರಿ ಕೊಟ್ಟವರಿಗೆ ಒಮ್ಮೆಲೇ ವಿಲಾಯತಿಯ ವ್ಯಾಪಾರ! ಭಾಂಡವಲಕ್ಕೆ ಅಕ್ಕಲಕೋಟದ ಮನೆ ಅಡವಿಟ್ಟರೆ ಆಗುತ್ತಿತ್ತು. ಇಪ್ಪತ್ತೈದು ವರ್ಷದವರಾಗಿದ್ದರೆ ಮರುದಿನವೇ ಕೆಲಸ ಹಿಡಿಯುತ್ತಿದ್ದೆವು. ನಮ್ಮ ಮನೆಯವರು ಎದ್ದು, "ಯಾಕ, ನಿದ್ದಿ ಬರವಲ್ದೇನು? ಟವೆಲ್ ಎಣಸಾಕತ್ತೀರೇನು?" ಎಂದರು. ಹೌದು, ಎಣಿಸುತ್ತಲೇ ಇದ್ದೆವು. ದಿಗ್ವ್ರತ ಕಾಲಿಗೆ ಹಾಕುವ ಬೇಲಿ ಎಂದು ಇಷ್ಟು ವರ್ಷ ತಿಳಿದಿದ್ದೆವು; ಅದು ಯಾವುದಕ್ಕೆ ಹಾಕುವ ಬೇಲಿ ಎಂದು ಆ ರಾತ್ರಿ ತಿಳಿಯಿತು. ಬೆಳಿಗ್ಗೆ ಆ ಚೀಟಿಯ ಫೋಟೋ ತೆಗೆದು, ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ.ಯಲ್ಲಿ ಎಂಟು ಮಗ್ಗ ಹಾಕಿಕೊಂಡಿರುವ ನಮ್ಮ ತಮ್ಮನ ಮಗನಿಗೆ ಕಳಿಸಿದೆವು. ಒಂದು ಪೈ ದಲಾಲಿ ಬೇಡ ಎಂದು ಬರೆದೆವು. ಅವನ ಮೊದಲ ಮಾಲು ಹೋಯಿತು, ರೋಖವೂ ಬಂದಿತು. ಸಂತೋಷವಾಯಿತು. ಹೊಟ್ಟೆಯಲ್ಲಿ ಒಂದಿಷ್ಟು ಕಸಿವಿಸಿಯೂ ಆಯಿತು. ಅದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ಊರಿಗೆ ಬಂದ ಮೇಲೆ ನಮ್ಮ ಬಸದಿಯ ಪಂಡಿತರನ್ನು ಕೇಳಿದೆವು. ಪಶ್ಚಿಮದ ಗೆರೆಯನ್ನು ಲಂಡನ್ನಿನ ತನಕ ಹಾಕಿಕೊಳ್ಳಬಹುದೇ? ಮೊಮ್ಮಗಳಿಗಾಗಿ ಗೆರೆ ಉದ್ದ ಮಾಡಿದರೆ ಅದು ವ್ರತವೇ? ಪಂಡಿತರು ನಕ್ಕು ಹೇಳಿದರು: "ಎಷ್ಟು ಉದ್ದ ಎಂಬುದು ನಿಮ್ಮ ಶಕ್ತಿ. ಆದರೆ ಹಾಕಿದ ಮೇಲೆ ಹೆಚ್ಚಿಸುವಂತಿಲ್ಲ, ಅದು ಅತಿಚಾರ. ವ್ಯಾಪಾರಕ್ಕೂ ಬೇರೆ ಮಿತಿ ಹಾಕಿಕೊಳ್ಳಿ, ಪರಿಗ್ರಹ ಪರಿಮಾಣ ಇರುವುದು ಅದಕ್ಕೇ."

ಹೆಚ್ಚಿಸುವಂತಿಲ್ಲ ಎಂಬ ಮಾತು ನಮ್ಮನ್ನು ಕಟ್ಟಿಹಾಕಿತು. ಯಾಕೆಂದರೆ ಮಗ ಈ ನಡುವೆ ಅಮೇರಿಕಾಕ್ಕೆ ವರ್ಗ ಆಗಬಹುದೆಂದು ಹೇಳುತ್ತಿದ್ದಾನೆ. ಗೆರೆ ಲಂಡನ್ನಿಗೆ ನಿಂತರೆ, ಅವನು ಅಲ್ಲಿಂದ ಮುಂದೆ ಹೋದ ದಿನ ನಾವು ಅವನ ಮನೆಯ ಬಾಗಿಲು ನೋಡುವಂತಿಲ್ಲ. ಗೆರೆಯನ್ನು ಅಮೇರಿಕಾಕ್ಕೇ ಒಯ್ದರೆ, ನಾಳೆ ಅವನು ಅಲ್ಲಿಂದಲೂ ಮುಂದೆ ಹೋದಾನು. ಮಗನ ಹಿಂದೆ ಓಡುವ ಗೆರೆ ಗೆರೆಯಲ್ಲ. ವರ್ಷಕ್ಕೂ ಮಿಕ್ಕಿ ಲೆಕ್ಕ ಬಾಕಿ ಉಳಿದದ್ದು ಇದೇ ಕಾರಣಕ್ಕೆ.

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಅಕ್ಕಲಕೋಟದ ಮನೆಯಲ್ಲಿ ಕೂತು, ತಂದೆಯವರ ಹಳೆಯ ಕಿರ್ದಿಯ ಕೊನೆಯ ಹಾಳೆಯಲ್ಲಿ, ಅವರ ಗೆರೆಗಳ ಕೆಳಗೆ ಬರೆದೆವು. ಪೂರ್ವಕ್ಕೆ ಶಿಖರಜಿ, ದಕ್ಷಿಣಕ್ಕೆ ಶ್ರವಣಬೆಳಗೊಳ, ಉತ್ತರಕ್ಕೆ ಹಿಮಾಲಯ, ಪಶ್ಚಿಮಕ್ಕೆ ಲಂಡನ್. ವ್ಯಾಪಾರಕ್ಕೆ ಸೊಲ್ಲಾಪುರ ಮತ್ತು ಅಕ್ಕಲಕೋಟ, ಇಷ್ಟೇ. ಮಗನಿಗೆ ಫೋನ್ ಮಾಡಿ ತಿಳಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾವ ಬರಬೇಕಾತು ಅಪ್ಪಾ" ಎಂದ. ಹೌದು ಅಂದೆವು.

ನಮ್ಮ ಮನೆಯವರಿಗೂ ಅದೇ ಹಾಳೆಯಲ್ಲಿ ಬರೆಯಿರೆಂದು ಪೆನ್ನು ಕೊಟ್ಟೆವು. ಅವರು ತೆಗೆದುಕೊಳ್ಳಲಿಲ್ಲ.

"ನಿಮ್ಮ ಗೆರಿ ನಿಮಗ. ನಾ ಇನ್ನೂ ವಿಚಾರ ಮಾಡಬೇಕು" ಎಂದು ಹೇಳಿ, ಹೊತ್ತು ಮುಳುಗುವ ಮೊದಲು ರೊಟ್ಟಿ ಬಡಿಯಲು ಒಳಗೆ ಹೋದರು.

ಬರುವ ತಿಂಗಳು ಮತ್ತೆ ಭೇಟಿಯಾಗೋಣ. ಜಯ ಜಿನೇಂದ್ರ.